ದಂಡ ಜನರಿಗೆ, ಹೊಣೆ ಯಾರಿಗೆ?

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಎಂಬ ಗಾದೆಯನ್ನು ರಾಜ್ಯದ ಆಡಳಿತ ಯಂತ್ರ ಪ್ರತಿ ಮುಂಗಾರಿನಲ್ಲೂ ತಪ್ಪದೆ ನೆನಪಿಸುತ್ತದೆ. ಮೇ ತಿಂಗಳಲ್ಲಿ ಮುಂಗಾರುಪೂರ್ವ ಮಳೆ, ಜೂನ್‌ನಲ್ಲಿ ಮನೆಮನೆಯಲ್ಲಿ ಜ್ವರ, ಜುಲೈನಲ್ಲಿ ಸಭೆಗಳ ಸುರಿಮಳೆ, ಸೆಪ್ಟೆಂಬರ್‌ನಲ್ಲಿ ಆದೇಶ. 2024ರ ಡೆಂಗಿ ಹಾವಳಿ ಈ ಪಂಚಾಂಗವನ್ನು ಚಾಚೂ ತಪ್ಪದೆ ಪಾಲಿಸಿತು. ಆ ವರ್ಷ ರಾಜ್ಯದಲ್ಲಿ ದೃಢಪಟ್ಟ ಡೆಂಗಿ ಪ್ರಕರಣಗಳ ಸಂಖ್ಯೆ 30 ಸಾವಿರವನ್ನೂ ಮೀರಿತು. ಅದಕ್ಕೂ ಹಿಂದಿನ ವರ್ಷ, ಅಂದರೆ 2023ರಲ್ಲಿ, ಈ ಸಂಖ್ಯೆ ಸುಮಾರು 19 ಸಾವಿರವಿತ್ತು. ಒಂದು ವರ್ಷ ಮೊದಲೇ ಎಚ್ಚರಿಕೆಯ ಗಂಟೆ ಬಾರಿಸಿದ್ದರೂ ಅದು ಕೇಳಬೇಕಾದವರ ಕಿವಿಗೆ ಬೀಳಲಿಲ್ಲ ಎಂಬುದು ಜನರ ಆಕ್ರೋಶದ ಮೂಲ.

ಸೊಳ್ಳೆಯಿಂದ ಹರಡುವ ರೋಗವನ್ನು ಯಾವ ಸರ್ಕಾರವೂ ಒಂದೇ ದಿನದಲ್ಲಿ ತಡೆಯಲಾರದು. ಅದು ಜನರಿಗೂ ಗೊತ್ತು. ಆದರೂ ಸಿಟ್ಟು ಏಕೆ? ರೋಗ ಬಂದದ್ದಕ್ಕಿಂತ, ರೋಗ ಬಂದಾಗ ಕೇಳುವವರೇ ಇಲ್ಲವೆಂಬ ಅನುಭವ ಅವರನ್ನು ಹೆಚ್ಚು ಕೆರಳಿಸಿದೆ. ತಪ್ಪು ಮಾಡಿದ ನಾಗರಿಕನಿಗೆ ಎಷ್ಟು ದಂಡ ಎಂಬುದನ್ನು ರೂಪಾಯಿ ಲೆಕ್ಕದಲ್ಲಿ ನಿಗದಿ ಮಾಡಿದ ವ್ಯವಸ್ಥೆಯಲ್ಲಿ, ತಪ್ಪು ಮಾಡಿದ ಆಡಳಿತಕ್ಕೆ ಏನು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ತಡವಾಗಿ ಬಂದ ಆದೇಶ

2024ರ ಘಟನಾವಳಿಯನ್ನು ಒಮ್ಮೆ ಮೆಲುಕು ಹಾಕುವುದು ಒಳಿತು. ಜುಲೈ ಮೊದಲ ವಾರದಲ್ಲಿ ರಾಜ್ಯ ಸರ್ಕಾರ ಖಾಸಗಿ ಪ್ರಯೋಗಾಲಯಗಳಲ್ಲಿನ ಡೆಂಗಿ ಪರೀಕ್ಷೆಗೆ ಗರಿಷ್ಠ ದರ ನಿಗದಿ ಮಾಡಿತು. ಎನ್‌ಎಸ್-1 ಮತ್ತು ಐಜಿಎಂ ಪರೀಕ್ಷೆಗಳೆರಡೂ ಸೇರಿ 600 ರೂಪಾಯಿ ಮೀರಬಾರದು ಎಂಬುದು ಆದೇಶದ ಸಾರ. ಜುಲೈ ಮಧ್ಯದ ವೇಳೆಗೆ ವರ್ಷದ ಒಟ್ಟು ಪ್ರಕರಣಗಳು 10 ಸಾವಿರ ದಾಟಿದವು. ವೈದ್ಯಕೀಯ ತುರ್ತು ಪರಿಸ್ಥಿತಿ ಘೋಷಿಸಬೇಕೆಂದು ವಿರೋಧ ಪಕ್ಷದ ನಾಯಕ ಆರ್. ಅಶೋಕ ಪಟ್ಟು ಹಿಡಿದರು. ಅಂಥ ಪರಿಸ್ಥಿತಿ ಉದ್ಭವಿಸಿಲ್ಲ ಎಂಬುದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರ ನಿಲುವಾಗಿತ್ತು. ಅದೇ ತಿಂಗಳು ರಾಜ್ಯ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡು, ಸರ್ಕಾರ ಏನು ಕ್ರಮ ಕೈಗೊಂಡಿದೆ ಎಂದು ಕೇಳಬೇಕಾಯಿತು.

ಕೊನೆಗೆ ಸೆಪ್ಟೆಂಬರ್ ಮೊದಲ ವಾರದಲ್ಲಿ, 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಸರ್ಕಾರ ಘೋಷಿಸಿತು. ಅಷ್ಟರಲ್ಲಿ ಪ್ರಕರಣಗಳು 25 ಸಾವಿರದ ಗಡಿ ದಾಟಿದ್ದವು. ಅಧಿಕೃತ ಲೆಕ್ಕದ ಪ್ರಕಾರವೇ ಹನ್ನೆರಡು ಜೀವಗಳು ಹೋಗಿದ್ದವು. ಸೊಳ್ಳೆ ಮರಿ ಕಂಡುಬಂದ ಮನೆಗೆ ನಗರದಲ್ಲಿ 400, ಗ್ರಾಮಾಂತರದಲ್ಲಿ 200 ರೂಪಾಯಿ. ವಾಣಿಜ್ಯ ಮಳಿಗೆ, ಕಚೇರಿ ಮೊದಲಾದವುಗಳಿಗೆ 1,000 ಮತ್ತು 500. ನಿರ್ಮಾಣ ಹಂತದ ಕಟ್ಟಡ ಮತ್ತು ಖಾಲಿ ನಿವೇಶನಗಳಿಗೆ 2,000 ಮತ್ತು 1,000 ರೂಪಾಯಿ ದಂಡ ಎಂದು ನಿಯಮ ರೂಪಿಸಲಾಯಿತು. ನಿಯಮದಲ್ಲಿ ತಪ್ಪೇನಿಲ್ಲ. ಅದು ಬಂದ ಹೊತ್ತು ಮಾತ್ರ ತಪ್ಪು. ಇದೇ ಆದೇಶ ಏಪ್ರಿಲ್‌ನಲ್ಲಿ ಬಂದಿದ್ದರೆ ಮುಂಜಾಗ್ರತೆ ಎನಿಸುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಬಂದಾಗ ಅದು ಜನರ ಕಣ್ಣಿಗೆ ಕೈ ತೊಳೆದುಕೊಳ್ಳುವ ಉಪಾಯವಾಗಿ ಕಂಡಿತು.

ಲೆಕ್ಕ ಹೊಂದದ ಲೆಕ್ಕ

ಜನರ ಅಪನಂಬಿಕೆಗೆ ಮತ್ತೊಂದು ಕಾರಣ ಅಂಕಿ-ಅಂಶ. ಒಂದೇ ಬೀದಿಯಲ್ಲಿ ಹತ್ತು ಮನೆಗಳಲ್ಲಿ ಜ್ವರವಿದ್ದರೂ ಸರ್ಕಾರಿ ಪ್ರಕಟಣೆಯಲ್ಲಿ ಇಡೀ ವಾರ್ಡಿಗೆ ಬೆರಳೆಣಿಕೆಯ ಪ್ರಕರಣಗಳು. ಸರ್ಕಾರ ಸುಳ್ಳು ಹೇಳುತ್ತಿದೆ ಎಂದು ಜನ ತೀರ್ಮಾನಿಸುವುದು ಸಹಜ. ವಾಸ್ತವ ಅಷ್ಟು ಸರಳವಲ್ಲ.

ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಎಲೈಸಾ ವಿಧಾನದ ಪರೀಕ್ಷೆಯಲ್ಲಿ ಖಚಿತವಾದದ್ದು ಮಾತ್ರ ದೃಢಪಟ್ಟ ಪ್ರಕರಣ. ಕೆಲವೇ ನಿಮಿಷಗಳಲ್ಲಿ ಫಲಿತಾಂಶ ನೀಡುವ ಕಾರ್ಡ್ ಪರೀಕ್ಷೆಯ ವರದಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಸಣ್ಣ ನರ್ಸಿಂಗ್ ಹೋಂಗಳಲ್ಲಿ, ಬಡಾವಣೆಯ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಕಾರ್ಡ್ ಪರೀಕ್ಷೆಯೇ. ಮನೆಯಲ್ಲಿ ಒಬ್ಬರಿಗೆ ಡೆಂಗಿ ಎಂದು ಗೊತ್ತಾದ ಮೇಲೆ ಉಳಿದವರು ಪರೀಕ್ಷೆಗೆ ಹೋಗದೆ ಪ್ಯಾರಾಸಿಟಮಾಲ್ ನುಂಗಿ ಮಲಗುವುದೂ ಉಂಟು. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ರೋಗಲಕ್ಷಣವೇ ಇರುವುದಿಲ್ಲ ಅಥವಾ ತೀರಾ ಸೌಮ್ಯವಾಗಿರುತ್ತದೆ. ಹೀಗಾಗಿ ಸರ್ಕಾರದ ಅಂಕಿ ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಅದು ಜರಡಿಯಲ್ಲಿ ಉಳಿದ ಕಾಳು ಮಾತ್ರ. ಈ ಮಾತನ್ನು ಜನರಿಗೆ ಬಿಡಿಸಿ ಹೇಳಬೇಕಾದ ಇಲಾಖೆ ಬರೀ ಸಂಖ್ಯೆಯನ್ನು ಬಿಡುಗಡೆ ಮಾಡಿ ಸುಮ್ಮನಾಗುತ್ತದೆ. ಆ ಮೌನದಲ್ಲಿ ಅನುಮಾನ ಬೆಳೆಯುತ್ತದೆ.

ಸಾವಿನ ಲೆಕ್ಕವಂತೂ ಇನ್ನೂ ಸೂಕ್ಷ್ಮ. ಡೆಂಗಿಯಿಂದಲೇ ಸಾವು ಸಂಭವಿಸಿತೇ, ಬೇರೆ ಕಾಯಿಲೆಯಿಂದಲೇ ಎಂದು ತಜ್ಞರ ಸಮಿತಿ ಪರಿಶೀಲಿಸಿದ ಮೇಲಷ್ಟೇ ಅದು ಪಟ್ಟಿಗೆ ಸೇರುತ್ತದೆ. ವೈಜ್ಞಾನಿಕವಾಗಿ ಇದು ಸರಿ. ಆದರೆ ಮಗುವನ್ನು ಕಳೆದುಕೊಂಡ ತಾಯಿತಂದೆಗೆ, ಇದು ಇನ್ನೂ ದೃಢಪಟ್ಟಿಲ್ಲ ಎಂಬ ಅಧಿಕಾರಿಯ ಮಾತು ಗಾಯದ ಮೇಲೆ ಉಪ್ಪು ಸವರಿದಂತೆ.

2006ರ ನೆನಪು

ರಾಜ್ಯಕ್ಕೆ ಇದು ಹೊಸ ಅನುಭವವೇನಲ್ಲ. 2006ರಲ್ಲಿ ಚಿಕೂನ್‌ಗುನ್ಯ ಕರ್ನಾಟಕವನ್ನು ಅಕ್ಷರಶಃ ಮಂಡಿಯೂರಿಸಿತ್ತು. ದೇಶದಾದ್ಯಂತ ಆ ವರ್ಷ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಏಳೂವರೆ ಲಕ್ಷದಷ್ಟು, ಕರ್ನಾಟಕವೊಂದರಲ್ಲೇ ದಾಖಲಾಗಿದ್ದವು. ಆಫ್ರಿಕಾದ ಮಕೊಂಡೆ ಭಾಷೆಯಿಂದ ಬಂದ ಆ ಹೆಸರಿನ ಅರ್ಥ 'ಬಾಗಿಸುವುದು' ಎಂದು. ಗೋಡೆ ಹಿಡಿದು ನಡೆಯುತ್ತಿದ್ದ ರೈತರು, ಕೀಲುನೋವಿನಿಂದ ತಿಂಗಳುಗಟ್ಟಲೆ ಕೂಲಿಗೆ ಹೋಗಲಾಗದ ಕುಟುಂಬಗಳು ಆ ಹೆಸರನ್ನು ಸಾರ್ಥಕಗೊಳಿಸಿದ್ದವು.

ಆಗಲೂ ಸರ್ಕಾರ ಹೇಳಿದ್ದು ಇದನ್ನೇ: ಆತಂಕ ಬೇಡ, ಪರಿಸ್ಥಿತಿ ನಿಯಂತ್ರಣದಲ್ಲಿದೆ, ಈ ರೋಗದಿಂದ ಯಾರೂ ಸಾಯುವುದಿಲ್ಲ. ದೇಶದ ಅಧಿಕೃತ ದಾಖಲೆಯಲ್ಲಿ ಚಿಕೂನ್‌ಗುನ್ಯದಿಂದ ನೇರವಾಗಿ ಸಂಭವಿಸಿದ ಸಾವು ಸೊನ್ನೆ. ಆದರೆ ಗುಜರಾತಿನ ಅಹಮದಾಬಾದ್ ನಗರದ ಮರಣ ನೋಂದಣಿ ದಾಖಲೆಗಳನ್ನು ಸಂಶೋಧಕರು ಹಿಂದಿನ ವರ್ಷಗಳೊಂದಿಗೆ ಹೋಲಿಸಿ ನೋಡಿದಾಗ, 2006ರ ಆಗಸ್ಟ್‌ನಿಂದ ನವೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಆ ನಗರದಲ್ಲಿ 2,944 ಹೆಚ್ಚುವರಿ ಸಾವುಗಳು ಕಂಡುಬಂದವು. ಇವೆಲ್ಲವೂ ಚಿಕೂನ್‌ಗುನ್ಯದವೇ ಎಂದು ಹೇಳಲಾಗದು. ಆದರೆ ರೋಗ ಉಲ್ಬಣಿಸಿದ ಅವಧಿಯಲ್ಲೇ ಸಾವೂ ಏರಿದ್ದನ್ನು ಸೊನ್ನೆ ಎಂಬ ಅಂಕಿ ಮುಚ್ಚಿಡಲಾರದು. ಅಂಥ ಲೆಕ್ಕ ಹಾಕಲು ಬೇಕಾದ ಮರಣ ನೋಂದಣಿ ಪುಸ್ತಕ ಪ್ರತಿ ಪಾಲಿಕೆಯಲ್ಲೂ ಇರುತ್ತದೆ. ತೆರೆದು ನೋಡುವ ಮನಸ್ಸು ಬೇಕಷ್ಟೇ.

ಇಲ್ಲೊಂದು ಸೋಜಿಗವನ್ನು ಗಮನಿಸಬೇಕು. 2006ರ ಸಮ್ಮಿಶ್ರ ಸರ್ಕಾರದಲ್ಲಿ ಆರೋಗ್ಯ ಖಾತೆ ಹೊಂದಿದ್ದವರು ಇದೇ ಆರ್. ಅಶೋಕ. ಅಂದು ವಿರೋಧ ಪಕ್ಷದ ಸಾಲಿನಲ್ಲಿದ್ದುದು ಕಾಂಗ್ರೆಸ್. ಹದಿನೆಂಟು ವರ್ಷಗಳಲ್ಲಿ ಪಾತ್ರಧಾರಿಗಳು ವೇದಿಕೆಯ ಎಡದಿಂದ ಬಲಕ್ಕೆ ಬಂದಿದ್ದಾರೆ. ಸಂಭಾಷಣೆ ಮಾತ್ರ ಬದಲಾಗಿಲ್ಲ. ಹೀಗಾಗಿ ಇದನ್ನು ಒಂದು ಪಕ್ಷದ ವೈಫಲ್ಯ ಎಂದು ಷರಾ ಬರೆದು ಮುಗಿಸುವಂತಿಲ್ಲ.

ಹೊಗೆಯ ಸಮಾಧಾನ

ಜ್ವರ ಹೆಚ್ಚಾದೊಡನೆ ಬೀದಿಗೆ ಬರುವುದು ಫಾಗಿಂಗ್ ಯಂತ್ರ. ದಟ್ಟ ಹೊಗೆ, ಕಿವಿಗಡಚಿಕ್ಕುವ ಸದ್ದು, ಹಿಂದೆ ಓಡುವ ಮಕ್ಕಳು. ಕೆಲಸ ನಡೆಯುತ್ತಿದೆ ಎಂಬ ಭಾವನೆ ಹುಟ್ಟಿಸಲು ಇದಕ್ಕಿಂತ ಉತ್ತಮ ಸಾಧನ ಮತ್ತೊಂದಿಲ್ಲ. ಫಾಗಿಂಗ್ ಬಂದಿಲ್ಲ ಎಂಬುದೇ ನಾಗರಿಕರ ಮೊದಲ ದೂರು, ಫಾಗಿಂಗ್ ಮಾಡಿಸಿದೆವು ಎಂಬುದೇ ಅಧಿಕಾರಿಗಳ ಮೊದಲ ಉತ್ತರ.

ಆದರೆ ಈ ಹೊಗೆ ಹಾರಾಡುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಗಳನ್ನು ಮುಟ್ಟುವುದಿಲ್ಲ. ಡೆಂಗಿ ಮತ್ತು ಚಿಕೂನ್‌ಗುನ್ಯ ಎರಡನ್ನೂ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಮನೆಯ ಶುದ್ಧ ನೀರನ್ನೇ ಬಯಸುತ್ತದೆ. ಹಗಲು ಹೊತ್ತಿನಲ್ಲಿ ಕಚ್ಚುತ್ತದೆ. ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಮರೆಯಲ್ಲಿ ವಿಶ್ರಮಿಸುತ್ತದೆ. ಬಾಗಿಲು ಮುಚ್ಚಿದ ಮನೆಯ ಮುಂದೆ ಬಿಟ್ಟ ಹೊಗೆ ಅದಕ್ಕೆ ಬಹುಪಾಲು ತಾಗುವುದೇ ಇಲ್ಲ. ಮೊಟ್ಟೆಯಿಂದ ಹೊಸ ಸೊಳ್ಳೆ ಹೊರಬರಲು ಎಂಟು-ಹತ್ತು ದಿನ ಸಾಕು. ನೀರು ಆರಿದ ಮೇಲೂ ಪಾತ್ರೆಯ ಒಳಮೈಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮುಂದಿನ ಮಳೆಯ ಹನಿಗೆ ಕಾಯುತ್ತವೆ.

ಆದ್ದರಿಂದ ನಿಜವಾದ ಕೆಲಸ ನಡೆಯಬೇಕಿರುವುದು ಮನೆಯೊಳಗೆ. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮು, ಕೂಲರ್, ಹೂಕುಂಡದ ತಟ್ಟೆ ಖಾಲಿ ಮಾಡಿ ಉಜ್ಜಿ ತೊಳೆಯಬೇಕು. ಖಾಲಿ ಮಾಡಲಾಗದ ಕಡೆ ಮರಿನಾಶಕ ಹಾಕಬೇಕು, ಇಲ್ಲವೇ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡಬೇಕು. 2024ರ ಜುಲೈನಲ್ಲಿ ಸಚಿವರು ಪ್ರತಿ ಶುಕ್ರವಾರ ಲಾರ್ವಾ ನಾಶ ಅಭಿಯಾನಕ್ಕೆ ಚಾಲನೆ ನೀಡಿದ್ದು ಸರಿಯಾದ ದಿಕ್ಕಿನ ಹೆಜ್ಜೆಯೇ. ಆದರೆ ಈ ಶುಕ್ರವಾರಗಳು ಜನವರಿಯಿಂದಲೇ ಬರುತ್ತವಲ್ಲ, ಜುಲೈವರೆಗೆ ಕಾದದ್ದೇಕೆ? ಬಿಸಿಲು, ಮಳೆಗಳ ಲೆಕ್ಕ ಹಿಡಿದು ಡೆಂಗಿ ಎಲ್ಲಿ ಏರಬಹುದು ಎಂದು ವಾರಗಳ ಮೊದಲೇ ಅಂದಾಜಿಸುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ನಡೆಯುತ್ತಿದೆ. ಮುನ್ಸೂಚನೆ ಇದ್ದೂ ಮುಂಜಾಗ್ರತೆ ಇಲ್ಲದಿದ್ದರೆ ವಿಜ್ಞಾನ ಇದ್ದು ಫಲವೇನು?

ಡ್ರಮ್ಮಿನಲ್ಲಿ ನೀರು ಬಂದದ್ದೆಲ್ಲಿಂದ?

ಮನೆಯ ಡ್ರಮ್ಮಿನಲ್ಲಿ ಸೊಳ್ಳೆಮರಿ ಸಿಕ್ಕಿದರೆ 400 ರೂಪಾಯಿ ದಂಡ. ಸರಿ. ಆದರೆ ಆ ಮನೆಯವರು ಡ್ರಮ್ಮಿನಲ್ಲಿ ನೀರು ತುಂಬಿಟ್ಟದ್ದು ಏಕೆ ಎಂಬ ಪ್ರಶ್ನೆಯನ್ನು ದಂಡದ ರಸೀದಿ ಕೇಳುವುದಿಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರು ಕಂಡರಿಯದ ನೀರಿನ ಬವಣೆ ಅನುಭವಿಸಿತು. ನಗರದ ಸುಮಾರು 13,900 ಸರ್ಕಾರಿ ಕೊಳವೆ ಬಾವಿಗಳ ಪೈಕಿ 6,900 ಬತ್ತಿಹೋಗಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಆಗ ಹೇಳಿದ್ದರು. 2007ರಲ್ಲಿ ಮಹಾನಗರದ ತೆಕ್ಕೆಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ನೀರು ಹರಿಸುವ ಐದನೇ ಹಂತದ ಯೋಜನೆ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಹದಿನೇಳು ವರ್ಷಗಳ ನಂತರ. ಅಲ್ಲಿಯವರೆಗೆ ಟ್ಯಾಂಕರ್ ಬಂದಾಗ ಸಿಕ್ಕ ಪಾತ್ರೆಯಲ್ಲೆಲ್ಲ ನೀರು ಹಿಡಿದಿಡದೆ ಬೇರೆ ದಾರಿಯಿರಲಿಲ್ಲ. ನೀರಿಗಾಗಿ ಪರದಾಡಿದ ಜನ ಕೊಂಡ ಡ್ರಮ್ಮುಗಳು ಮಳೆ ಬಂದ ಮೇಲೂ ಮನೆಯಲ್ಲೇ ಉಳಿದವು. ಸೊಳ್ಳೆಗೆ ಬೇಕಾದ ತೊಟ್ಟಿಲು ಬೇಸಿಗೆಯಲ್ಲೇ ಸಿದ್ಧವಾಗಿತ್ತು.

ಬೆಂಗಳೂರೊಂದರ ಕಥೆ ಇದಲ್ಲ. ನಾಲ್ಕು ದಿನಕ್ಕೋ ವಾರಕ್ಕೋ ಒಮ್ಮೆ ನಲ್ಲಿಯಲ್ಲಿ ನೀರು ಕಾಣುವ ಪಟ್ಟಣಗಳು ರಾಜ್ಯದಲ್ಲಿ ಅನೇಕ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ 2008ರ ಸುಮಾರಿಗೇ ದಿನದ 24 ಗಂಟೆ ನೀರು ಪೂರೈಸಿ ತೋರಿಸಲಾಗಿತ್ತು. ಅದು ಆಗುವ ಕೆಲಸ ಎಂಬುದು ಸಾಬೀತಾಗಿದೆ. ನಲ್ಲಿ ತಿರುಗಿಸಿದಾಗ ನೀರು ಬರುವ ಮನೆಯಲ್ಲಿ ಯಾರೂ ಹಂಡೆಗಟ್ಟಲೆ ನೀರು ಕೂಡಿಡುವುದಿಲ್ಲ. ಹಾಗೆ ನೋಡಿದರೆ ಡೆಂಗಿ ನಿಯಂತ್ರಣದ ಅರ್ಧ ಕೆಲಸ ಜಲಮಂಡಳಿಯದ್ದು. ಆದರೆ ಡೆಂಗಿ ಸಭೆಯ ಮೇಜಿನ ತುದಿಯಲ್ಲೂ ಅದರ ಕುರ್ಚಿ ಇರುವುದು ಅಪರೂಪ.

ದೂರು ಹೇಳಲು ಬಾಗಿಲೆಲ್ಲಿ?

ಜ್ವರಕ್ಕೆ ಚಿಕಿತ್ಸೆ ಆರೋಗ್ಯ ಇಲಾಖೆಯ ಹೊಣೆ. ಸೊಳ್ಳೆ ನಿಯಂತ್ರಣ ಸ್ಥಳೀಯ ಸಂಸ್ಥೆಯದ್ದು. ನೀರು ಜಲಮಂಡಳಿಯದ್ದು. ಖಾಲಿ ನಿವೇಶನದ ಮಾಲೀಕ ಎಲ್ಲೋ, ಅದರಲ್ಲಿ ಬಿದ್ದ ಟೈರು ಯಾರದೋ. ಈ ನಾಲ್ವರ ನಡುವೆ ನಾಗರಿಕನ ದೂರು ಚೆಂಡಿನಂತೆ ಪುಟಿಯುತ್ತದೆ. ಇಂಥ ಹೊತ್ತಿನಲ್ಲಿ ಜನ ಹುಡುಕುವುದು ತಮ್ಮ ವಾರ್ಡಿನ ಸದಸ್ಯನನ್ನು. ಅವನ ಮನೆ ಗೊತ್ತು, ಫೋನು ಗೊತ್ತು, ಮುಂದಿನ ಚುನಾವಣೆಯಲ್ಲಿ ಅವನು ಮತ್ತೆ ಬಾಗಿಲಿಗೆ ಬರಬೇಕೆಂಬುದೂ ಗೊತ್ತು.

2024ರಲ್ಲಿ ಬೆಂಗಳೂರಿನಲ್ಲಿ ಆ ಬಾಗಿಲೇ ಇರಲಿಲ್ಲ. ಬಿಬಿಎಂಪಿ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಡೆಂಗಿ ಅಬ್ಬರಿಸಿದಾಗ ಸುಮಾರು ನಾಲ್ಕು ವರ್ಷಗಳಿಂದ ಅಧಿಕಾರಿಗಳ ಆಡಳಿತ ನಡೆದಿತ್ತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿಯೂ 2021ರಲ್ಲಿ ಮುಗಿದು, ಅಲ್ಲೂ ಚುನಾಯಿತರಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಒಂದನ್ನು ಐದು ಮಾಡಿದ ಮಾತ್ರಕ್ಕೆ ಸೊಳ್ಳೆಗೆ ಗಡಿ ಗೊತ್ತಾಗುವುದಿಲ್ಲ. ವಾರ್ಡಿಗೊಬ್ಬ ಉತ್ತರದಾಯಿ ಇರುವವರೆಗೆ ಹೊಸ ನಾಮಫಲಕ ಹಳೆಯ ದೂರನ್ನು ಪರಿಹರಿಸಲಾರದು.

ದಂಡದ ನಿಯಮಕ್ಕೂ ಇದೇ ತೊಡಕು. ದಂಡ ವಿಧಿಸುವ ಅಧಿಕಾರ ಇರುವುದು ಪಾಲಿಕೆ ಹಾಗೂ ಜಿಲ್ಲಾಡಳಿತದ ಕೈಯಲ್ಲಿ. ಪಾಲಿಕೆಯದೇ ಉದ್ಯಾನದ ಕಾರಂಜಿಯಲ್ಲಿ, ಅರ್ಧಕ್ಕೆ ನಿಂತ ಮೇಲ್ಸೇತುವೆಯ ಗುಂಡಿಯಲ್ಲಿ, ಪೊಲೀಸ್ ಠಾಣೆಯ ಮುಂದೆ ತುಕ್ಕು ಹಿಡಿದ ಜಪ್ತಿ ವಾಹನಗಳಲ್ಲಿ ನೀರು ನಿಂತರೆ ಯಾರು ಯಾರಿಗೆ ದಂಡ ಹಾಕಬೇಕು? ಬೇಲಿಯೇ ಎದ್ದು ಹೊಲ ಮೇಯ್ದಾಗ ದೂರು ಕೇಳುವವರಾರು?

ಸರ್ಕಾರದ ಕಷ್ಟವೂ ಇದೆ

ನ್ಯಾಯವಾಗಿ ಹೇಳುವುದಾದರೆ ಸರ್ಕಾರದ ವಾದದಲ್ಲೂ ಹುರುಳಿದೆ. ಡೆಂಗಿಗೆ ನಿರ್ದಿಷ್ಟ ಔಷಧವಿಲ್ಲ. ವೈರಸ್‌ನಲ್ಲಿ ನಾಲ್ಕು ಬಗೆಗಳಿದ್ದು, ಒಂದು ಬಗೆಯ ಸೋಂಕಿನಿಂದ ಗುಣವಾದವರಿಗೆ ಮತ್ತೊಂದು ಬಗೆ ತಗುಲಿದರೆ ರೋಗ ತೀವ್ರವಾಗುವ ಅಪಾಯ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ಸ್ವದೇಶಿ ಲಸಿಕೆಯ ಮೂರನೇ ಹಂತದ ಪ್ರಯೋಗ ಆರಂಭವಾದದ್ದೇ 2024ರ ಆಗಸ್ಟ್‌ನಲ್ಲಿ. ಪರೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯನ್ನು ಗೇಟಿನಲ್ಲೇ ತಡೆಯುವ ಅಪಾರ್ಟ್‌ಮೆಂಟುಗಳು, ನೀರಿನ ಸಂಪು ತೋರಿಸಲು ಒಪ್ಪದ ಮನೆಗಳು ಇರುವುದೂ ನಿಜ. ಪ್ಲೇಟ್‌ಲೆಟ್ ಸಂಖ್ಯೆ ಸ್ವಲ್ಪ ಇಳಿದೊಡನೆ ಗಾಬರಿಯಿಂದ ಆಸ್ಪತ್ರೆಗಳನ್ನು ಸುತ್ತುವ ಜನರಿಂದ ನಿಜವಾಗಿ ಹಾಸಿಗೆ ಬೇಕಾದವರಿಗೆ ತೊಂದರೆಯಾದದ್ದೂ ಉಂಟು. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ ಕಾಲ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ವಿಪರೀತ ಸುಸ್ತು ಕಂಡರೆ ತಡಮಾಡಬಾರದು ಎಂಬ ತಿಳಿವಳಿಕೆ ಪ್ಲೇಟ್‌ಲೆಟ್ ಲೆಕ್ಕಕ್ಕಿಂತ ಮುಖ್ಯ.

ಆದರೆ ಈ ಕಷ್ಟಗಳು ಪ್ರತಿ ವರ್ಷವೂ ಇರುವಂಥವು. ಆಶಾ ಕಾರ್ಯಕರ್ತೆ ಜುಲೈನಲ್ಲಿ ಮೊದಲ ಸಲ ಬಂದರೆ ಅಪರಿಚಿತೆ. ವರ್ಷವಿಡೀ ಬಂದರೆ ಮನೆಯವಳೇ ಆಗುತ್ತಾಳೆ.

ದಾರಿ ಮನೆಯಲ್ಲೇ ಇದೆ

ಮಾದರಿಗಾಗಿ ಸಿಂಗಪುರಕ್ಕೆ ಅಧ್ಯಯನ ಪ್ರವಾಸ ಹೋಗಬೇಕಾಗಿಲ್ಲ. ಒಂದು ಕಾಲಕ್ಕೆ ಮಲೇರಿಯಾಕ್ಕೆ ಹೆಸರಾಗಿದ್ದ ಮಂಗಳೂರಿನಲ್ಲಿ 2015ರ ಅಕ್ಟೋಬರ್‌ನಿಂದ ಪ್ರತಿ ಪ್ರಕರಣವನ್ನೂ ಗಣಕ ವ್ಯವಸ್ಥೆಯಲ್ಲಿ ದಾಖಲಿಸಿ, ಟ್ಯಾಬ್ಲೆಟ್ ಹಿಡಿದ ಸಿಬ್ಬಂದಿ ರೋಗಿಯ ಮನೆಗೆ ಹೋಗಿ, ಸುತ್ತಲ ಸೊಳ್ಳೆತಾಣ ನಾಶಪಡಿಸಿ, ಮಾಡಿದ ಕೆಲಸವನ್ನು ಮತ್ತೆ ಅದರಲ್ಲೇ ದಾಖಲಿಸುವ ಕ್ರಮ ಜಾರಿಗೆ ಬಂತು. ಮುಂದಿನ ವರ್ಷಗಳಲ್ಲಿ ಅಲ್ಲಿ ಮಲೇರಿಯಾ ತೀವ್ರವಾಗಿ ಇಳಿಯಿತು. ಯಾವ ಮನೆಗೆ ಯಾರು, ಯಾವಾಗ ಹೋದರು ಎಂಬುದಕ್ಕೆ ಲೆಕ್ಕವಿತ್ತು ಎಂಬುದೇ ಅಲ್ಲಿನ ಗುಟ್ಟು.

ಅದೇ ಲೆಕ್ಕ ಡೆಂಗಿಗೂ ಬೇಕು. ವಾರ್ಡುವಾರು ಪ್ರಕರಣ, ತಪಾಸಣೆಯಾದ ಮನೆ, ಮರಿ ಸಿಕ್ಕ ಮನೆಗಳ ಪ್ರಮಾಣ ವಾರಕ್ಕೊಮ್ಮೆ ಜನರ ಮುಂದೆ ಬರಲಿ. ಕಾರ್ಡ್ ಪರೀಕ್ಷೆಯ ಶಂಕಿತ ಪ್ರಕರಣಗಳನ್ನೂ ಬೇರೆ ಅಂಕಣದಲ್ಲಿ ತೋರಿಸಲಿ. ಸರ್ಕಾರಿ ಜಾಗದಲ್ಲಿ ಮರಿ ಸಿಕ್ಕರೆ ಸಂಬಂಧಪಟ್ಟ ಅಧಿಕಾರಿಯ ಹುದ್ದೆ ಸಹಿತ ಅದೇ ಪಟ್ಟಿಯಲ್ಲಿ ಪ್ರಕಟವಾಗಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ದೊಡ್ಡ ಅನುದಾನವೂ ಬೇಡ. ಮಾಡಿದ್ದನ್ನೂ ಮಾಡದ್ದನ್ನೂ ಒಟ್ಟಿಗೆ ಹೇಳುವ ಧೈರ್ಯ ಬೇಕು.

ಒಂದು ವರ್ಷ ಉಕ್ಕಿದ ಡೆಂಗಿ ಮರುವರ್ಷ ಇಳಿಯುವುದು ಈ ರೋಗದ ಸ್ವಭಾವ. ಇಳಿದ ವರ್ಷದಲ್ಲಿ ಅದನ್ನು ತಮ್ಮ ಸಾಧನೆ ಎನ್ನುವುದು, ಏರಿದ ವರ್ಷದಲ್ಲಿ ಹವಾಮಾನವನ್ನೂ ಜನರನ್ನೂ ದೂರುವುದು ಸುಲಭ. ಆದರೆ ಸೊಳ್ಳೆಯ ಮೊಟ್ಟೆ ಒಣಗಿದ ಡ್ರಮ್ಮಿನ ಗೋಡೆಯಲ್ಲಿ ಮಳೆಗೆ ಕಾಯುತ್ತಲೇ ಇರುತ್ತದೆ. ಆಡಳಿತ ಕೂಡ ಮಳೆಗೇ ಕಾದು ಕುಳಿತರೆ ಗೆಲ್ಲುವವರು ಯಾರೆಂದು ಹೇಳಲು ಯಾವ ಮುನ್ಸೂಚನೆಯೂ ಬೇಕಿಲ್ಲ.